ಬೆನ್ನ ಮೇಲಿನ ಕರಿ ಗೆರೆ

ಮೂರನೆಯ ಸಲ ಬಂದಾಗ ಆ ಗೃಹಸ್ಥ
ಕಾರ್ಡನ್ನು ಇಸ್ಪೀಟಿನೆಲೆಯಂತೆ ಕೌಂಟರಿಗೆ ಎಸೆದ.
ಬಾಗಿಲಲ್ಲಿ ಹಸಿರು ಬರುತ್ತಿಲ್ಲ, ಕೆಂಪು, ಬರೀ ಕೆಂಪು.
ಹಿಂದಿಯಲ್ಲಿ ಕೂಗಾಡಿದ. ಆಮೇಲೆ ಹೆಂಡತಿಯತ್ತ ತಿರುಗಿ
ಕನ್ನಡದಲ್ಲಿ, ಮೆಲ್ಲಗೆ:
'ಈ ಹುಡುಗೀಗೆ ಏನೂ ತಿಳಿಯಂಗಿಲ್ಲ, ಬಿಡು.'

ತಿಳಿಯುತ್ತದೆ ಸ್ವಾಮಿ.
ಅದಿರಿನ ಕೆಂಪು ಧೂಳು ಅನ್ನದ ಮೇಲೂ ಕೂರುತ್ತಿದ್ದ ಕಾಲಕ್ಕೆ
ಕುಷ್ಟಗಿಯಿಂದ ವಾಸ್ಕೋದ ಬೈನಾಕ್ಕೆ ಬಂದವರ ಮಗಳು ನಾನು.
ಕೊಂಕಣಿಯಲ್ಲಿ ಬಂಗಡೆಯ ಚೌಕಾಸಿ ಮಾಡುತ್ತೇನೆ,
ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತೇನೆ,
ಕನ್ನಡದಲ್ಲಿ ಸುಮ್ಮನಿರುತ್ತೇನೆ.
ಎದೆಯ ಬಿಲ್ಲೆಯ ಮೇಲೆ ರೀಟಾ ಅಂತಿದೆ. ಮ್ಯಾನೇಜರು ಇಟ್ಟದ್ದು.
ರೇಣವ್ವ ಅಂದರೆ ಗಿರಾಕಿಗಳ ನಾಲಿಗೆ ತೊಡರುತ್ತಂತೆ.

ಕಾರ್ಡನ್ನು ಯಂತ್ರದಲ್ಲಿ ಎಳೆದೆ. ಮುನ್ನೂರ ಹನ್ನೆರಡು. ಟಿಣ್.
'ಫೋನಿನ ಜತೆ ಇಡಬೇಡಿ ಸರ್, ಮುಚ್ಚಳದಲ್ಲಿ ಅಯಸ್ಕಾಂತ.
ಮೇಡಂ ಪರ್ಸಿನ ಗುಂಡಿಯಲ್ಲೂ.'
ಈ ಕೋಲ್ವಾದಲ್ಲಿ ದಿನಕ್ಕೆ ನಲವತ್ತು ಸಲ ಹೇಳುವ ಮಂತ್ರ;
ಅರ್ಥ ಸವೆದು ಉಸಿರಷ್ಟೇ ಉಳಿದಿದೆ.

ಬೆನ್ನ ಮೇಲೊಂದು ಕರಿ ಗೆರೆ, ಅದರೊಳಗೆ
ಕೋಣೆಯ ಸಂಖ್ಯೆ, ಖಾಲಿ ಮಾಡಬೇಕಾದ ಹೊತ್ತು.
ಹೆಸರಿಲ್ಲ. ಬಾಗಿಲಿಗೆ ಹೆಸರು ಬೇಕಿಲ್ಲ.
ಅಯಸ್ಕಾಂತ ಒಮ್ಮೆ ಮೈ ಸೋಕಿದರೆ ಎಲ್ಲ ಮರೆತುಬಿಡುತ್ತದೆ.
ಮುಖದ ಮೇಲೆ ಮಾತ್ರ ಅದೇ ತೆಂಗು, ಅದೇ ಕಿತ್ತಳೆ ಸೂರ್ಯ.

ಮರುದಿನ ವಾಟರ್ ಪಾರ್ಕು.
ಟಿಕೆಟ್ಟುಗಳನ್ನು ಕಾರಿನ ಗಾಜಿನಡಿ ಇಟ್ಟು
ಊಟಕ್ಕೆ ಹೋದರಂತೆ. ಬಂದು ನೋಡಿದರೆ
ಸುಟ್ಟ ಹಪ್ಪಳ. ಶಾಖಕ್ಕೆ ಕಪ್ಪಾಗುವ ಕಾಗದ ಅದು.
ಗೆರೆಗಳೆಲ್ಲ ಮಸಿಯಲ್ಲಿ ಮುಳುಗಿ
ಗೇಟಿನವನ ಯಂತ್ರಕ್ಕೆ ಏನೂ ಕಾಣಲಿಲ್ಲ.
ಹುಡುಗ ಗಾಳಿ ತುಂಬಿದ ಬಾತುಕೋಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ
ಲಾಬಿಯಲ್ಲಿ ನಿಂತು ಅತ್ತ.
ಗೇಟಿನ ಆಗ್ನೆಲನಿಗೆ ಫೋನು ಮಾಡಿದೆ.
ದುಡ್ಡು ಕಟ್ಟಿದ ಮೆಸೇಜು ತೋರಿಸಿದರೆ ಸಾಕು, ನಾಳೆ ಕಳಿಸು, ಅಂದ.
ಗೃಹಸ್ಥ ಥ್ಯಾಂಕ್ಯೂ ಅಂದ, ಬಿಲ್ಲೆಯ ಕಡೆ ನೋಡಿ.

ಎರಡು ಕೋಣೆ, ನಾಲ್ಕು ಕಾರ್ಡು.
ಮೂರು ಸತ್ತು ಹುಟ್ಟಿ ಮತ್ತೆ ಸತ್ತವು.
ನಾಲ್ಕನೆಯದು ಒಮ್ಮೆಯೂ ನನ್ನ ಬಳಿ ಬರಲಿಲ್ಲ.

ಮಧ್ಯಾಹ್ನ ಅದರ ಒಡತಿ ಇಳಿದು ಬಂದಳು, ಲಿಫ್ಟು ನಂಬದೆ, ಮೆಟ್ಟಿಲ ಮೇಲಿಂದ.
ಬೆತ್ತದ ಕುರ್ಚಿಯಲ್ಲಿ ಕೂತು ಸೆರಗಿನ ಗಂಟು ಬಿಚ್ಚಿದಳು:
ಎರಡು ಲವಂಗ, ಮಡಚಿದ ಹತ್ತರ ನೋಟು, ಕಾರ್ಡು.
'ತೋರಿಸಿದ್ರ ಸಾಕು, ಹಸರ ಕಣ್ಣು ಹೊಡಿತೈತಿ ನೋಡವ್ವಾ.
ಅವರದು ಕೆಟ್ಟಾಗೆಲ್ಲ ನನ್ನ ಖೋಲಿಗೇ ಬಂದು ಕುಂದರತಾರ.
ಊರಾಗ ಕೀಲಿಗೊಂಚಲಾ ಸೊಸಿ ನಡದಾಗ. ಇಲ್ಲಿ ನನ್ನ ಗಂಟಿನ್ಯಾಗ.'

'ಚಲೋ ಆತಲ್ಲ ಅಜ್ಜಿ,' ಅಂದುಬಿಟ್ಟೆ.
ನಾಲಿಗೆ ಕಚ್ಚಿಕೊಂಡೆ.
ಆಕೆ ಬೆಚ್ಚಲಿಲ್ಲ. ಲವಂಗ ಬಾಯಿಗಿಟ್ಟುಕೊಂಡು,
'ಗೊತ್ತಿತ್ತು. ಅವತ್ತ ಅಂವಾ ಬೈದಾಗ
ನಿನ್ನ ಕಿವಿ ಕೆಂಪಗಾಗಿದ್ದುವು.'
ಇನ್ನೊಂದು ಲವಂಗ ನನಗೆ.

ನಾಲ್ಕನೆಯ ಬೆಳಗ್ಗೆ ಹನ್ನೊಂದು.
ಕೌಂಟರಿನ ಮೇಲೆ ಮೂರು ಕಾರ್ಡು.
ಗೃಹಸ್ಥ ಕಿಸೆ ತಡಕಿದ, ಹೆಂಡತಿ ಪರ್ಸು ಸುರಿದಳು.
ಹೊರಗೆ ಕಾರಿನಲ್ಲಿ ಆಕೆ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು
ಸಮುದ್ರ ಇಲ್ಲದ ದಿಕ್ಕಿಗೆ ನೋಡುತ್ತಿದ್ದಳು.
ಕಳೆದರೆ ಇನ್ನೂರು ರೂಪಾಯಿ ದಂಡ.
ವಹಿಯಲ್ಲಿ ಬರೆದೆ: ಒಂದು ಕೆಟ್ಟಿದೆ, ಬಿಸಾಡಿದೆ.

ಹನ್ನೊಂದಕ್ಕೆ ಅದೂ ಸತ್ತಿತು ಅಂತ
ಹೋಗಿ ಹೇಳಬೇಕಿತ್ತೇನೋ.
ಮುನ್ನೂರ ಏಳರವರು ಎದುರಿಗೆ ನಿಂತಿದ್ದರು, ಬೆವರುತ್ತ, ಕಾರ್ಡು ಮುಂದೆ ಚಾಚಿ.
ಫೋನಿನ ಜತೆ ಇಡಬೇಡಿ ಸರ್, ಅಂದೆ.
ಬಾಯಲ್ಲಿನ್ನೂ ಲವಂಗದ ಖಾರ.